ಸೂತ್ರ ಹಿಡಿದ ಕೈ

ಸಾಂಗಲಿಯಿಂದ ಹರಿಪುರಕ್ಕೆ ಹೋಗುವ ದಾರಿ ಕೃಷ್ಣೆಯ ದಂಡೆಗುಂಟ ಸಾಗಿ, ವಾರಣೆಯು ಬಂದು ಕೃಷ್ಣೆಯನ್ನು ಕೂಡುವ ಸಂಗಮೇಶ್ವರನ ಸನ್ನಿಧಿಯಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಅಲ್ಲಿ ನಿಂತು ನೋಡಿದವನಿಗೆ, ಕಣ್ಣೆದುರು ಹರಿದು ಹೋಗುತ್ತಿರುವ ಕೆನ್ನೀರು ಒಂದೇ ಎಂದು ತೋರಿದರೂ, ಅದನ್ನು ತಳ್ಳುತ್ತಿರುವ ಬಲವು ಕಾಣದ ದೂರದ ಘಟ್ಟಗಳಲ್ಲಿ ಎಂದೋ ಸುರಿದ ಮಳೆಯಲ್ಲಿದೆಯೆಂಬ ಅರಿವು ತಾನಾಗಿಯೇ ಮೂಡುತ್ತದೆ. ಮನುಷ್ಯನ ನಡತೆಯ ವಿಷಯದಲ್ಲಿಯೂ ಈ ಅರಿವು ನಮಗೆ ಬೇಕಾಗಿದೆ. ನಾವು ಮಾಡಿದ ಕೆಲಸಕ್ಕೆ ನಾವು ಹೇಳುವ ಕಾರಣ ಒಂದು. ನಮ್ಮಿಂದ ಆ ಕೆಲಸವನ್ನು ಮಾಡಿಸಿದ ಕಾರಣ ಮತ್ತೊಂದು. ಈ ಎರಡರ ನಡುವಣ ಅಂತರವನ್ನು ಅಳೆಯಹೊರಟ ಶಾಸ್ತ್ರಕ್ಕೆ ಮನೋವಿಶ್ಲೇಷಣೆಯೆಂದು ಹೆಸರು. ಅದು ಹುಟ್ಟಿದ್ದು ವಿಯೆನ್ನಾ ನಗರದಲ್ಲಿ, ವೈದ್ಯನೊಬ್ಬನ ಕೋಣೆಯಲ್ಲಿ. ಆದರೆ ಅದೇ ಅಂತರವನ್ನು ಅದೇ ಕಾಲದಲ್ಲಿ, ಶಾಸ್ತ್ರದ ಹಂಗಿಲ್ಲದೆ, ದೀಪದ ಬೆಳಕಿನಲ್ಲಿ ಸಾವಿರಾರು ಜನರ ಎದುರು ಅಳೆದು ತೋರಿಸಿದ ಊರೊಂದು ನಮ್ಮ ಗಡಿಯ ಆಚೆಗೇ ಇದೆ. ಆ ಊರು ಸಾಂಗಲಿ. ಅದರ ಜೋಡಿ ಊರು ಮೀರಜ.

ಈ ಎರಡು ಊರುಗಳು ಕನ್ನಡಿಗನಿಗೆ ಪರಸ್ಥಳಗಳಲ್ಲ. 1801ರಲ್ಲಿ ಮೀರಜದ ಪಟವರ್ಧನ ಮನೆತನದಿಂದ ಬೇರೆಯಾಗಿ ಚಿಂತಾಮಣರಾವ್ ಅಪ್ಪಾಸಾಹೇಬರು ಸಾಂಗಲಿಯಲ್ಲಿ ತಮ್ಮ ಗಾದಿಯನ್ನು ಸ್ಥಾಪಿಸಿದಂದಿನಿಂದ, 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ, ಶಿರಹಟ್ಟಿ, ತೇರದಾಳ, ಶಹಾಪುರಗಳು ಸಾಂಗಲಿಯ ಆಳ್ವಿಕೆಯಲ್ಲಿಯೂ ಲಕ್ಷ್ಮೇಶ್ವರವು ಮೀರಜದ ಹಿರಿಯ ಶಾಖೆಯ ಆಳ್ವಿಕೆಯಲ್ಲಿಯೂ ಇದ್ದುವು. ತೇರದಾಳದ ರೈತನು ತನ್ನ ಅಹವಾಲನ್ನು ಹೊತ್ತು ಹೋಗುತ್ತಿದ್ದುದು ಸಾಂಗಲಿಗೆ. ಕಾಯಿಲೆ ಬಲಿತಾಗ ರೈಲು ಹಿಡಿದು ಹೋಗುತ್ತಿದ್ದುದು ಮೀರಜದ ಮಿಶನ್ ದವಾಖಾನೆಗೆ. ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದೀರ್ಘಕಾಲ ಕನ್ನಡವನ್ನು ಕಲಿಸಿದರು, ವಿ. ಕೃ. ಗೋಕಾಕರು ಅಲ್ಲಿಯ ಪ್ರಾಚಾರ್ಯರಾಗಿದ್ದರು. ಆದರೆ ಈ ಎಲ್ಲ ಸಂಬಂಧಗಳಿಗಿಂತ ಹಳೆಯದಾದ ಮತ್ತು ನನ್ನ ವಿಷಯಕ್ಕೆ ಹೆಚ್ಚು ಹತ್ತಿರವಾದ ಸಂಬಂಧವೊಂದಿದೆ. ಅದು ರಂಗಭೂಮಿಯದು.

1842ರಲ್ಲಿ ಉತ್ತರ ಕನ್ನಡದ ಹೊನ್ನಾವರದ ಸಮೀಪದ ಕರ್ಕಿಯ ಭಾಗವತ ಮೇಳವು ಘಟ್ಟವನ್ನೇರಿ ಸಾಂಗಲಿಗೆ ಬಂದು, ಚಿಂತಾಮಣರಾಯರ ಸಮ್ಮುಖದಲ್ಲಿ ಆಟವಾಡಿತು. ಆ ರಾತ್ರಿಯ ಆಟ ಹೇಗಿದ್ದಿರಬೇಕೆಂಬುದನ್ನು ಬಡಗುತಿಟ್ಟಿನ ಯಕ್ಷಗಾನದ ಹಳೆಯ ಪದ್ಧತಿಯನ್ನು ಬಲ್ಲವರು ಸುಲಭವಾಗಿ ಊಹಿಸಬಲ್ಲರು. ಭಾಗವತನ ಪದ, ಮದ್ದಲೆ ಚಂಡೆಗಳ ಗತ್ತು, ದೇವತೆಗಳ ಒಡ್ಡೋಲಗ ಇವೆಲ್ಲ ಮುಗಿದು ನಡುರಾತ್ರಿಯ ತೂಕಡಿಕೆ ಜನರನ್ನು ಆವರಿಸತೊಡಗಿದಾಗ, ದೂರದ ಕತ್ತಲೆಯೊಳಗಿಂದ ಮೊದಲು ಒಂದು ಆರ್ಭಟ ಕೇಳಿಸುತ್ತದೆ. ಆಮೇಲೆ ದೊಂದಿಗಳು ಕಾಣಿಸುತ್ತವೆ. ದೊಂದಿಯ ಉರಿಗೆ ಒಬ್ಬನು ಮುಷ್ಟಿ ತುಂಬ ರಾಳದ ಪುಡಿಯನ್ನೆರಚಲು, ಭಗ್ಗೆಂದು ಎದ್ದ ಜ್ವಾಲೆಯಲ್ಲಿ ಬಣ್ಣದ ವೇಷದ ರಾಕ್ಷಸನ ಮುಖವು ಅರೆಗಳಿಗೆ ಹೊಳೆದು ಮತ್ತೆ ಕತ್ತಲೆಯಲ್ಲಿ ಅಡಗುತ್ತದೆ. ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, ಆದರೂ ಒಂದು ಕಣ್ಣನ್ನು ಹೊರಗಿಟ್ಟು ನೋಡುತ್ತಾರೆ. ಆ ಒಂದು ಕಣ್ಣಿನಲ್ಲಿ ಭಯವೂ ಆಸೆಯೂ ಕೂಡಿಯೇ ಇರುತ್ತವೆ. ಯಾವುದನ್ನು ನೋಡಬಾರದೋ ಅದನ್ನು ನೋಡಲೇಬೇಕೆನ್ನುವ ಈ ತವಕವನ್ನು ಮುಂದೆ ಶಾಸ್ತ್ರಜ್ಞರು ದೊಡ್ಡ ದೊಡ್ಡ ಹೆಸರುಗಳಿಂದ ಕರೆದರು. ಕರ್ಕಿಯ ಮೇಳದವರು ಅದನ್ನು ರಾಳದ ಪುಡಿಯಿಂದಲೇ ಬಲ್ಲವರಾಗಿದ್ದರು.

ಆಟವನ್ನು ಕಂಡ ದೊರೆಯು, ಇಂಥದನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತನ್ನ ಆಶ್ರಯದಲ್ಲಿದ್ದ ವಿಷ್ಣು ಅಮೃತ ಭಾವೆ ಎಂಬ ತರುಣನಿಗೆ ಅಪ್ಪಣೆಯಿತ್ತನು. 1843ರ ನವೆಂಬರ್ 5ರಂದು ಸಾಂಗಲಿಯಲ್ಲಿ 'ಸೀತಾಸ್ವಯಂವರ'ವು ಪ್ರಯೋಗಗೊಂಡಿತು; ಮರಾಠಿ ರಂಗಭೂಮಿಯು ಇಂದಿಗೂ ಆ ತಿಥಿಯನ್ನು ತನ್ನ ಜನ್ಮದಿನವೆಂದು ಆಚರಿಸುತ್ತದೆ. ವಿಷ್ಣುದಾಸರೆಂದು ಪ್ರಸಿದ್ಧರಾದ ಈ ಭಾವೆಯವರು ಬೊಂಬೆಗಳನ್ನು ಕೆತ್ತುವುದರಲ್ಲಿಯೂ ನಿಪುಣರಾಗಿದ್ದು, ರಾಮಾಯಣದ ಪಾತ್ರಗಳನ್ನು ಮರದಲ್ಲಿ ಕೆತ್ತಿ ದಾರ ಪೋಣಿಸಿದವರು. ಅವರ ನಾಟಕದಲ್ಲಿಯೂ ಸೂತ್ರಧಾರನೊಬ್ಬನೇ ಪದ್ಯವನ್ನು ಹಾಡಿ ಕಥೆಯನ್ನು ನಡೆಸುತ್ತಿದ್ದನು. ಪಾತ್ರಧಾರಿಗಳು ಅವನು ಹಾಡಿದ ಸಂದರ್ಭಕ್ಕೆ ತಕ್ಕಂತೆ ಆಶುವಾಗಿ ನಾಲ್ಕು ಮಾತಾಡುತ್ತಿದ್ದರು. ರಾಮನು ಬಿಲ್ಲನ್ನೆತ್ತಿದ್ದೇಕೆ, ರಾವಣನು ಕೆರಳಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವು ಪಾತ್ರದ ಒಳಗೆ ಇರಲಿಲ್ಲ, ಸೂತ್ರಧಾರನ ಪದದಲ್ಲಿತ್ತು. ದೇವರು ದೇವರಾದ್ದರಿಂದ ಹಾಗೆ ನಡೆದನು, ರಾಕ್ಷಸನು ರಾಕ್ಷಸನಾದ್ದರಿಂದ ಹೀಗೆ ನಡೆದನು. ಸೂತ್ರ ಹಿಡಿದ ಕೈ ಹೊರಗಿತ್ತು. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಸಾಂಗಲಿಯ ನಾಟಕಕಾರರೂ ಕಥೆಗಾರರೂ ಮಾಡಿದ ದೊಡ್ಡ ಕೆಲಸವೆಂದರೆ, ಈ ಕೈಯನ್ನು ಹಂತಹಂತವಾಗಿ ಮನುಷ್ಯನ ಒಳಗೇ ಹುಡುಕಿದ್ದು. ಅವರ ಶೋಧದ ಇತಿಹಾಸವನ್ನೇ ನಾನಿಲ್ಲಿ ಹೇಳಹೊರಟಿರುವೆನು.

ಶಾಸ್ತ್ರದ ಕಡೆಯ ಕಥೆಯನ್ನೂ ಇಲ್ಲಿ ಸಂಕ್ಷೇಪವಾಗಿ ನೆನೆಯಬೇಕು, ಏಕೆಂದರೆ ಅದು ಕೂಡ ರಂಗಭೂಮಿಯ ಮಗುವೇ. ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ ಮತ್ತು ಅವನ ಕಿರಿಯ ಗೆಳೆಯ ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಉನ್ಮಾದರೋಗದ ಬಗೆಗೆ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ 'ಆನ್ನಾ ಓ' ಎಂಬ ಮರೆಹೆಸರಿನಿಂದ ಬರುವ ತರುಣಿಯು, ತಂದೆಯ ರೋಗಶಯ್ಯೆಯ ಬಳಿ ಕುಳಿತು ಕೈಕಾಲುಗಳ ಸ್ವಾಧೀನ ತಪ್ಪಿದವಳು, ತಾನು ಹಗಲಿನಲ್ಲಿ ಕಾಣುತ್ತಿದ್ದ ಕನಸುಗಳಿಗೆ ತನ್ನ ಖಾಸಗಿ ನಾಟಕಶಾಲೆಯೆಂದು ಹೆಸರಿಟ್ಟಿದ್ದಳು. ಆ ನಾಟಕಶಾಲೆಯ ಕಥೆಗಳನ್ನು ಆಕೆ ಬಾಯಿಬಿಟ್ಟು ಹೇಳಿದಂತೆಲ್ಲ ದೇಹದ ಜಡ್ಡು ಇಳಿಯುತ್ತ ಬಂತೆಂದು ಬ್ರಾಯರ್ ಬರೆದನು. ಆ ಚಿಕಿತ್ಸೆಗೆ ಇಟ್ಟ ಹೆಸರನ್ನು ನಾಟಕದ ಫಲದ ಬಗೆಗೆ ಅರಿಸ್ಟಾಟಲನು ಆಡಿದ ಮಾತಿನಿಂದಲೇ ಎತ್ತಿಕೊಂಡರು. 1897ರಲ್ಲಿ ಫ್ರಾಯ್ಡನು ಬರ್ಲಿನ್ನಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ತನ್ನ ಒಳಗನ್ನು ತಾನೇ ಶೋಧಿಸಿಕೊಳ್ಳುತ್ತ ಹೋದಾಗ ಕಂಡುದಕ್ಕೆ ಗ್ರೀಕ್ ನಾಟಕದ ಈಡಿಪಸ್ ದೊರೆಯ ಕಥೆಯನ್ನು ಸಾಕ್ಷಿಯಾಗಿ ಕರೆದನು. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ವರಿಸಿದ ಆ ದೊರೆಯ ಕಥೆ ಸಭಿಕರನ್ನು ಇಂದಿಗೂ ನಡುಗಿಸುವುದು, ಆ ಬಯಕೆಯ ಬೀಜವು ಪ್ರತಿಯೊಬ್ಬರ ಶೈಶವದಲ್ಲಿಯೂ ಇದ್ದುದರಿಂದ ಎಂಬುದು ಅವನ ಸಿದ್ಧಾಂತ.

ಈ ಶಾಸ್ತ್ರದ ಸಾರವನ್ನು ಹೀಗೆ ಹೇಳಬಹುದು. ಮನಸ್ಸಿನಲ್ಲಿ ನಮಗೆ ತಿಳಿದ ಭಾಗವು ಕಿರಿದು, ತಿಳಿಯದ ಭಾಗವು ಹಿರಿದು. ಒಪ್ಪಿಕೊಳ್ಳಲು ನಾಚಿಕೆಯೋ ಭಯವೋ ಅಡ್ಡಬಂದ ಬಯಕೆಗಳನ್ನು ನಾವು ಸುಪ್ತಚಿತ್ತಕ್ಕೆ ನೂಕುತ್ತೇವೆ. ನೂಕಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ವೇಷ ಹಾಕಿಕೊಂಡು ಮರಳಿ ಬರುತ್ತವೆ. ಕನಸು ಒಂದು ವೇಷ. ನಾಲಿಗೆಯ ತಪ್ಪು ಒಂದು ವೇಷ. ರೋಗದ ಲಕ್ಷಣ ಇನ್ನೊಂದು ವೇಷ. ಮನುಷ್ಯನನ್ನು ಆಳುವ ವೈರಿಗಳು ಹೊರಗಿಲ್ಲವೆಂಬ ಮಾತು ನಮಗೆ ಹೊಸದಲ್ಲ; ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳೆಂಬ ಅರಿಷಡ್ವರ್ಗವನ್ನು ನಮ್ಮ ಹಿರಿಯರು ಎಣಿಸಿಯೇ ಇಟ್ಟಿದ್ದಾರೆ. ಆದರೆ ನಮ್ಮ ಎಣಿಕೆಯಲ್ಲಿ ವೈರಿಗೆ ಹೆಸರುಂಟು, ಮುಖವುಂಟು. ಎಚ್ಚರಿದ್ದವನು ಅವನನ್ನು ಬಾಗಿಲಲ್ಲಿಯೇ ತಡೆಯಬಲ್ಲನು. ವಿಯೆನ್ನಾದ ಶಾಸ್ತ್ರವು ಹೇಳಿದ ಹೊಸ ಮಾತೆಂದರೆ, ವೈರಿಯು ಮಿತ್ರನ ವೇಷದಲ್ಲಿಯೇ ಬರುತ್ತಾನೆ, ಮತ್ತು ಮನೆಯ ಯಜಮಾನನೇ ಅರಿಯದೆ ಅವನಿಗೆ ಆ ವೇಷವನ್ನು ತೊಡಿಸಿರುತ್ತಾನೆ ಎಂಬುದು. ಫ್ರಾಯ್ಡನ ಕನಸುಗಳ ಗ್ರಂಥವು ಮುಖಪುಟದ ಮೇಲೆ 1900 ಎಂಬ ಇಸವಿಯನ್ನು ಹೊತ್ತು ಅಚ್ಚಾಗಿ ಹೊರಬಿದ್ದುದು 1899ರ ನವೆಂಬರಿನಲ್ಲಿ.

ಅದೇ 1899ರಲ್ಲಿ, ಹರಿಪುರದ ಗೋವಿಂದ ಬಲ್ಲಾಳ ದೇವಲರು ಬರೆದ 'ಸಂಗೀತ ಶಾರದಾ' ನಾಟಕವನ್ನು ಕಿರ್ಲೋಸ್ಕರ ನಾಟಕ ಮಂಡಳಿಯು ರಂಗಕ್ಕೆ ತಂದಿತು. ವಿಯೆನ್ನಾದ ಗ್ರಂಥದ ಗಾಳಿಯೂ ದೇವಲರಿಗೆ ಸೋಕಿರಲಿಲ್ಲ. ಅವರ ಮುಂದಿದ್ದುದು ಕಣ್ಣಾರೆ ಕಂಡ ಸಮಾಜ ಮತ್ತು ಮನೆಯ ಹತ್ತಿರದ ಸಂಗಮ. ಎಪ್ಪತ್ತು ದಾಟಿದ ಸಿರಿವಂತ ಭುಜಂಗನಾಥನಿಗೆ ಎಳೆಯ ಹುಡುಗಿಯನ್ನು ಮದುವೆಯಾಗುವ ಹಂಬಲ. ಹುಡುಗಿಯ ತಂದೆ ಕಾಂಚನಭಟ್ಟನಿಗೆ ಹಣದ ಹಂಬಲ. ನಡುವೆ ಭದ್ರೇಶ್ವರ ದೀಕ್ಷಿತನೆಂಬ ದಲ್ಲಾಳಿ. ಕೋದಂಡನೆಂಬ ಸುಧಾರಕ ತರುಣನಿಂದಾಗಿ, ವಧೂವರರು ಸಗೋತ್ರರೆಂಬ ಕಾರಣದ ಮೇಲೆ ಮದುವೆ ನಿಲ್ಲುತ್ತದೆ. ಆದರೆ ಮಂಟಪದಿಂದೆದ್ದ ಹುಡುಗಿಗೆ ಮರಳಿ ಹೋಗಲು ಮನೆಯೆಂಬುದು ಉಳಿಯದೆ, ಅವಳು ನದಿಯ ದಾರಿ ಹಿಡಿಯುತ್ತಾಳೆ.

ಬಾಲಿಕೆಯರನ್ನು ವೃದ್ಧರಿಗೆ ಕೊಡುವ ದುಷ್ಟ ರೂಢಿಯ ಖಂಡನೆಯೆಂದು ಈ ನಾಟಕವನ್ನು ಎಲ್ಲರೂ ಕೊಂಡಾಡಿದ್ದಾರೆ, ಅದು ಸತ್ಯವೇ. ಆದರೆ ಭುಜಂಗನಾಥನನ್ನು ಕೇವಲ ಕಾಮುಕನೆಂದು ಬಗೆದರೆ ದೇವಲರ ಸೂಕ್ಷ್ಮತೆಗೆ ಅನ್ಯಾಯವಾಗುತ್ತದೆ. ಆ ಮುದುಕನಿಗೆ ಬೇಕಾದುದು ಹುಡುಗಿಗಿಂತ ಹೆಚ್ಚಾಗಿ ಹುಡುಗತನ. ಅವಳ ಪಕ್ಕದಲ್ಲಿ ನಿಂತರೆ ತನ್ನ ವಯಸ್ಸು ಕರಗುವುದೆಂದು ಅವನ ಒಳಗಿನ ಯಾವುದೋ ಒಂದು ಶಿಶು ನಂಬಿದೆ. ಸಾವು ಹತ್ತಿರ ಬರುತ್ತಿದೆಯೆಂಬ ಅಂಜಿಕೆಯೇ ಬಾಸಿಂಗ ಕಟ್ಟಿಕೊಂಡು ಹಸೆಗೆ ಬಂದಿದೆ. ಕಾಂಚನಭಟ್ಟನೂ ಹಾಗೆಯೇ: ತಾನು ಮಗಳ ಹಿತಕ್ಕಾಗಿ ಸಿರಿವಂತ ಮನೆಯನ್ನು ನೋಡಿದೆನೆಂದು ಅವನು ಹೇಳಿಕೊಳ್ಳಬಲ್ಲನು, ಪ್ರಾಯಶಃ ನಂಬಿಯೂ ಇರಬಲ್ಲನು. ಹೇಳುವ ಕಾರಣಕ್ಕೂ ನಡೆಸುವ ಕಾರಣಕ್ಕೂ ಇರುವ ದೂರವು ಇಲ್ಲಿ ರಂಗದ ಮೇಲೆ ಮೊದಲ ಬಾರಿಗೆ ಮೈದೋರಿತು. ರಾಕ್ಷಸನು ಬಣ್ಣವನ್ನು ಅಳಿಸಿಕೊಂಡು, ಜರಿಯಂಚಿನ ಧೋತರವನ್ನುಟ್ಟು, ಮದುವೆಮನೆಯ ಮಂದಿಯಲ್ಲಿ ಒಬ್ಬನಾಗಿ ಕುಳಿತನು.

ದೇವಲರ ಮತ್ತೊಂದು ನಾಟಕ 'ಸಂಶಯಕಲ್ಲೋಳ'. ಮೊಲಿಯೇರನ ಫ್ರೆಂಚ್ ಪ್ರಹಸನವೊಂದು ಇಂಗ್ಲಿಷಿನ ಮೂಲಕ ಬಂದು, 1893ರಲ್ಲಿ ಅವರ ಕೈಯಲ್ಲಿ ಗದ್ಯನಾಟಕವಾಗಿ, 1916ರಲ್ಲಿ, ಅಂದರೆ ಅವರು ತೀರಿಕೊಂಡ ವರ್ಷ, ಗಂಧರ್ವ ನಾಟಕ ಮಂಡಳಿಯ ಮೂಲಕ ಸಂಗೀತ ನಾಟಕವಾಗಿ ರಂಗಕ್ಕೇರಿತು. ಅದರ ಕಥೆಯೆಲ್ಲ ಒಂದು ತಸಬೀರಿನ ಸುತ್ತ ಹೆಣೆದುದು. ರೇವತಿಯೆಂಬ ಯುವತಿ ಬೀದಿಯಲ್ಲಿ ಮೂರ್ಛೆ ಹೋಗುತ್ತಾಳೆ. ದಾರಿಯಲ್ಲಿದ್ದ ಫಾಲ್ಗುಣರಾಯನು ಅವಳನ್ನು ಆತುಕೊಳ್ಳುತ್ತಾನೆ. ಅದನ್ನು ಕಂಡ ಅವನ ಹೆಂಡತಿ ಕೃತ್ತಿಕೆಯ ಎದೆಯಲ್ಲಿ ಸಂಶಯದ ಮೊಳೆ ನಾಟುತ್ತದೆ. ರೇವತಿಯ ಕೈಯಿಂದ ಜಾರಿಬಿದ್ದ, ಅವಳ ಪ್ರಿಯ ಅಶ್ವಿನಶೇಟನ ತಸಬೀರು ಈಗ ಕೃತ್ತಿಕೆಯ ಕೈ ಸೇರುತ್ತದೆ. ಹೆಂಡತಿಯ ಕೈಯಲ್ಲಿ ಪರಪುರುಷನ ತಸಬೀರನ್ನು ಕಂಡ ಫಾಲ್ಗುಣರಾಯನ ಎದೆಯಲ್ಲಿಯೂ ಅದೇ ಮೊಳೆ. ಆ ಕ್ಷಣದಿಂದ ನಾಲ್ಕು ನಿರಪರಾಧಿ ಜೀವಗಳು ಒಬ್ಬರನ್ನೊಬ್ಬರು ಸುಡತೊಡಗುತ್ತವೆ.

ಅಂಗೈಯಗಲದ ಆ ತಸಬೀರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರಲ್ಲಿರುವುದು ಒಬ್ಬನ ಮುಖ ಮಾತ್ರ. ರೇವತಿಗೆ ಅದು ಪ್ರೀತಿ, ಕೃತ್ತಿಕೆಗೆ ಬೀದಿಯಲ್ಲಿ ಸಿಕ್ಕಿದ ವಸ್ತು, ಫಾಲ್ಗುಣರಾಯನಿಗೆ ಮಾತ್ರ ಮಾನಭಂಗದ ಸಾಕ್ಷಿ. ತಸಬೀರು ಯಾರಿಗೂ ಏನನ್ನೂ ಹೇಳಲಿಲ್ಲ. ಪ್ರತಿಯೊಬ್ಬರೂ ತಮ್ಮೊಳಗಿದ್ದುದನ್ನು ಅದರ ಮೇಲೆ ಕಂಡರು. 1922ರಲ್ಲಿ ಫ್ರಾಯ್ಡನು ಮತ್ಸರದ ಬಗೆಗೆ ಬರೆದ ಪ್ರಬಂಧದಲ್ಲಿ ಅದಕ್ಕೆ ಮೂರು ಪದರಗಳನ್ನು ಹೇಳಿ, ಎರಡನೆಯ ಪದರವನ್ನು ಹೀಗೆ ವಿವರಿಸಿದನು: ತನ್ನ ಮನಸ್ಸೇ ಅತ್ತಿತ್ತ ಹರಿದಾಡಿದ್ದನ್ನು ಒಪ್ಪಿಕೊಳ್ಳಲಾರದವನು, ಆ ಚಾಂಚಲ್ಯವನ್ನು ಸಂಗಾತಿಯ ಮೇಲೆ ಹೊರಿಸಿ ತಾನು ಹಗುರಾಗುತ್ತಾನೆ. ಇದಕ್ಕೆ ಪ್ರಕ್ಷೇಪವೆಂದು ಶಾಸ್ತ್ರದ ಹೆಸರು. ಮೂರ್ಛೆ ಹೋದ ಚೆಲುವೆಯನ್ನು ತೋಳಿನಲ್ಲಿ ಹಿಡಿದು ನಿಂತ ಫಾಲ್ಗುಣರಾಯನ ಎದೆ ಆ ಅರೆನಿಮಿಷ ಹೇಗೆ ಬಡಿದುಕೊಂಡಿತ್ತೆಂಬುದನ್ನು ನಾಟಕವು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆ ಬಡಿತಕ್ಕೂ ಅವನ ಮುಂದಿನ ಸಂಶಯಕ್ಕೂ ಇರುವ ನಂಟನ್ನು ನೋಡಬಲ್ಲವನು ನೋಡಿಯೇ ತೀರುತ್ತಾನೆ. ಮಾತ್ಸರ್ಯವೆಂಬ ಹಳೆಯ ವೈರಿಗೆ ದೇವಲರು ಕೊಟ್ಟ ಹೊಸ ವೇಷವಿದು.

ವೇಷದ ಮಾತು ಬಂದಾಗ ಸಾಂಗಲಿಯ ಇನ್ನೊಬ್ಬ ಪುತ್ರನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1872ರಲ್ಲಿ ಅಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರರು ತಿಲಕರ 'ಕೇಸರಿ'ಯ ಬಳಗದವರು. ಅವರ 'ಕೀಚಕವಧ'ವು 1907ರಲ್ಲಿ ರಂಗಕ್ಕೆ ಬಂತು. ಕಥೆ ವಿರಾಟಪರ್ವದ್ದು, ಕೀಚಕನು ಸೈರಂಧ್ರಿಯನ್ನು ಬಯಸಿದನು, ಭೀಮನು ಅವನನ್ನು ಮುಗಿಸಿದನು. ಆದರೆ ರಂಗದ ಮೇಲೆ ಮದದಿಂದ ಮಾತಾಡಿದ ಕೀಚಕನಲ್ಲಿ ಜನರು ಕಂಡದ್ದು ವೈಸರಾಯ್ ಕರ್ಜನನನ್ನು. ಸೈರಂಧ್ರಿಯಲ್ಲಿ ಕಂಡದ್ದು ಅಪಮಾನಿತ ಭಾರತವನ್ನು. ತಾಳ್ಮೆಯ ಮಾತಾಡುವ ಧರ್ಮರಾಯನಲ್ಲಿ ಮಂದಗಾಮಿಗಳನ್ನೂ ಭೀಮನಲ್ಲಿ ತೀವ್ರಗಾಮಿಗಳನ್ನೂ. 1910ರಲ್ಲಿ ಸರಕಾರವು ನಾಟಕವನ್ನು ನಿಷೇಧಿಸಿತು. ಕನಸುಗಳ ಗ್ರಂಥದಲ್ಲಿ ಫ್ರಾಯ್ಡನು, ಮನಸ್ಸಿನ ಒಳಗೊಬ್ಬ ಪರೀಕ್ಷಕ ಅಧಿಕಾರಿಯಿದ್ದಾನೆ, ಅವನ ಕಣ್ಣು ತಪ್ಪಿಸಲು ಬಯಕೆಗಳು ಕನಸಿನಲ್ಲಿ ವೇಷ ಮರೆಸಿಕೊಳ್ಳುತ್ತವೆ ಎಂಬುದನ್ನು ವಿವರಿಸಲು ಆರಿಸಿಕೊಂಡ ಉಪಮೆ ಇದೇ ಬಗೆಯದು: ತನ್ನ ನಾಡಿನ ಅಧಿಕಾರಿಗಳನ್ನು ಟೀಕಿಸಲು ಅಂಜಿದ ಲೇಖಕನು, ಚೀನದ ಇಬ್ಬರು ಅಧಿಕಾರಿಗಳ ಜಗಳದ ಕಥೆಯನ್ನು ಬರೆಯುತ್ತಾನೆ. ಅವನಿಗೆ ಉಪಮೆಯಾಗಿದ್ದುದು ಖಾಡಿಲಕರರಿಗೆ ಜೀವನವಾಗಿತ್ತು. ಒಂದು ಇಡೀ ಜನಾಂಗವು ದಮನಿಸಿಟ್ಟುಕೊಂಡ ಸಿಟ್ಟು ಮಹಾಭಾರತದ ಪೋಷಾಕನ್ನು ತೊಟ್ಟು ರಾತ್ರಿ ರಾತ್ರಿ ದೀಪದೆದುರು ಬಂದು ನಿಂತಿತು. ಸಾಮೂಹಿಕವಾದ ಕನಸೊಂದನ್ನು ಪರೀಕ್ಷಕನು ಮೂರು ವರ್ಷಗಳ ನಂತರ ಗುರುತಿಸಿ ಬಾಗಿಲು ಹಾಕಿದನು.

ಇನ್ನು ಮೀರಜಕ್ಕೆ ಬರೋಣ. ಅಮೆರಿಕದ ಮಿಶನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ತೆರೆದ ದವಾಖಾನೆಯಿಂದ ಈ ಊರು ಶಸ್ತ್ರಚಿಕಿತ್ಸೆಗೆ ಹೆಸರಾಯಿತು. ದೇಹದ ಗಂಟನ್ನು ಕತ್ತಿಯಿಂದ ಬಿಡಿಸುವ ಊರಿನಲ್ಲಿಯೇ, 1905ರಲ್ಲಿ, ಹದಿನೇಳರ ಹುಡುಗನೊಬ್ಬನು ಶಕುಂತಲೆಯ ಸೀರೆಯುಟ್ಟು ಮೊದಲ ಬಾರಿಗೆ ರಂಗವನ್ನೇರಿದನು. ಅವನೇ ನಾರಾಯಣ ರಾಜಹಂಸ, ತಿಲಕರಿಂದ ಬಾಲಗಂಧರ್ವನೆನಿಸಿಕೊಂಡವನು. ಅವನ ನಡಿಗೆ, ಸೆರಗು, ಕಣ್ಣೋಟಗಳನ್ನು ಕುಲೀನ ಸ್ತ್ರೀಯರು ಅನುಕರಿಸಿದರೆಂಬುದು ಪ್ರಸಿದ್ಧ. ಹೆಣ್ಣಾಗಿ ನಿಂತ ಈ ಗಂಡಿನಲ್ಲಿ ನಾಡು ಏನನ್ನು ಕಂಡಿತೆಂಬ ಪ್ರಶ್ನೆಗೆ ಕಲಕತ್ತೆಯ ಒಬ್ಬ ವೈದ್ಯನ ಬರಹಗಳಲ್ಲಿ ಒಂದು ಸುಳುಹು ದೊರೆಯುತ್ತದೆ. 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿ ಫ್ರಾಯ್ಡನೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದ ಗಿರೀಂದ್ರಶೇಖರ ಬೋಸರು, ಬಯಕೆಗಳು ಯಾವಾಗಲೂ ಜೋಡಿಯಾಗಿ ಹುಟ್ಟುತ್ತವೆಂದು ವಾದಿಸಿದರು: ಹೊಡೆಯುವ ಬಯಕೆಯ ಹಿಂದೆ ಹೊಡೆಸಿಕೊಳ್ಳುವ ಬಯಕೆ, ಪ್ರೀತಿಸುವುದರ ಹಿಂದೆ ಪ್ರೀತಿಸಲ್ಪಡುವ ಬಯಕೆ. ಒಂದನ್ನು ಬದುಕುವಾಗ ಮತ್ತೊಂದು ಸುಪ್ತವಾಗಿ ಕಾಯುತ್ತದೆ. ಹೆಣ್ಣಾಗಬೇಕೆಂಬ ಗೂಢ ಬಯಕೆಯು ಯುರೋಪಿನ ಪುರುಷರಲ್ಲಿರುವುದಕ್ಕಿಂತ ನಮ್ಮ ಪುರುಷರಲ್ಲಿ ಮೇಲಿನ ಪದರದಲ್ಲಿಯೇ ಸಿಗುತ್ತದೆಂದು ಅವರು ಫ್ರಾಯ್ಡನಿಗೆ ತಿಳಿಸಿ, ಗುರುವಿನ ಸಿದ್ಧಾಂತಕ್ಕೆ ವಿನಯದಿಂದಲೇ ಪ್ರತಿವಾದವನ್ನೊಡ್ಡಿದರು. ಬಾಲಗಂಧರ್ವನ ಎದುರು ಮೈಮರೆತ ಸಭೆಯು, ತನ್ನಲ್ಲಿ ಕಾಯುತ್ತಿದ್ದ ಆ ಇನ್ನೊಂದು ಅರ್ಧಕ್ಕೆ ಗೌರವದ ಸ್ಥಾನ ದೊರೆತುದನ್ನು ಕಂಡು ತೃಪ್ತಿಪಟ್ಟಿತೆಂದು ನಾನು ತಿಳಿಯುತ್ತೇನೆ.

ಮೀರಜದಲ್ಲಿ ಇನ್ನೂ ಒಂದು ವಿದ್ಯೆಯಿದೆ. ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರು ಈ ಊರನ್ನೇ ತಮ್ಮ ಮನೆಯಾಗಿ ಮಾಡಿಕೊಂಡಿದ್ದರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರ ಸಮಾಧಿ ಮೀರಾಸಾಹೇಬರ ದರ್ಗಾದಲ್ಲಿದೆ. ಅವರ ಶಿಷ್ಯ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಹರಿದುಬಂದ ಕಿರಾಣಾ ಗಾಯಕಿಯನ್ನು ಕನ್ನಡಿಗನಿಗೆ ಪರಿಚಯಿಸಬೇಕಾಗಿಲ್ಲ. ಆ ಗಾಯಕಿಯ ಜೀವವಾದ ತಂಬೂರಿಯನ್ನು ಮಾಡುವ ಮನೆಗಳು ದರ್ಗಾದ ಆಸುಪಾಸಿನಲ್ಲಿಯೇ ಇವೆ. ಬೀದಿಗೆ ತೆರೆದ ಅಂಗಡಿಗಳಲ್ಲಿ ಒಣಗಿದ ಹಿರಿಯ ಸೋರೆಬುರುಡೆಗಳು ತೂಗುತ್ತಿರುತ್ತವೆ. ಎಲ್ಲ ಕೆತ್ತನೆ, ಮೆರುಗು, ತಂತಿಯ ಕೆಲಸ ಮುಗಿದ ಮೇಲೆ, ವೃದ್ಧ ಕುಶಲಿಯೊಬ್ಬನು ವಾದ್ಯವನ್ನು ತೊಡೆಯ ಮೇಲಿಟ್ಟು, ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿ, ಮೀಟಿ, ಕೇಳಿ, ಮತ್ತೆ ಉಜ್ಜುತ್ತಾನೆ. ಕೊನೆಗೆ ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ನೂಲನ್ನು ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆ, ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತಾನೆ. ಒಂದು ಬಿಂದುವಿನಲ್ಲಿ, ಅಲ್ಲಿಯ ತನಕ ಮಂಕಾಗಿದ್ದ ತಂತಿ ತಟ್ಟನೆ ಬಾಯಿ ಬಿಡುತ್ತದೆ. ಇದೇ ಜವಾರಿ. ಆಗ ಷಡ್ಜಕ್ಕೆ ಕೂಡಿಸಿದ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರವು ಏಳುತ್ತದೆ; ಅದಕ್ಕೆ ಸ್ವಯಂಭೂ ಗಾಂಧಾರವೆಂದು ಗವಾಯಿಗಳು ಹೆಸರಿಟ್ಟಿದ್ದಾರೆ. ಬಲದಿಂದ ಮೀಟಿದರೆ ಅದು ಬಾರದು. ತಂತಿಗೆ ತುಸು ಎಡೆಕೊಟ್ಟು ಕೇಳುತ್ತ ಕೂತರೆ ಮಾತ್ರ ಬರುತ್ತದೆ. ರೋಗಿಯ ಮಾತಿಗೆ ಅಡ್ಡ ಬಾರದೆ, ತೀರ್ಪು ಕೊಡದೆ, ಗಂಟೆಗಟ್ಟಲೆ ಕಿವಿಗೊಟ್ಟು ಕೂರುವ ಮನೋವಿಶ್ಲೇಷಕನ ಸಾಧನೆಯೂ ಇದಕ್ಕಿಂತ ಬೇರೆಯಲ್ಲ.

ಹೀಗೆ ಬೆಳೆದು ಬಂದ ಶೋಧವು ಪೂರ್ಣತೆಗೆ ಬಂದುದು ವಿಷ್ಣು ಸಖಾರಾಮ ಖಾಂಡೇಕರರಲ್ಲಿ. 1898ರಲ್ಲಿ ಸಾಂಗಲಿಯಲ್ಲಿ ಗಣೇಶ ಆತ್ಮಾರಾಮನಾಗಿ ಹುಟ್ಟಿ, ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡು, ದತ್ತು ಹೋದ ಮನೆಯಲ್ಲಿ ವಿಷ್ಣು ಸಖಾರಾಮನೆಂಬ ಬೇರೊಂದು ಹೆಸರನ್ನೂ ಬೇರೊಬ್ಬ ತಂದೆಯನ್ನೂ ಪಡೆದವರು ಅವರು. ಶಿರೋಡೆಯ ಶಾಲೆಯಲ್ಲಿ ಹದಿನೆಂಟು ವರ್ಷ ಮಾಸ್ತರಿಕೆ ಮಾಡಿದ ಈ ಲೇಖಕರ 'ಯಯಾತಿ' 1959ರಲ್ಲಿ ಪ್ರಕಟವಾಗಿ, 1974ರ ಜ್ಞಾನಪೀಠ ಪುರಸ್ಕಾರಕ್ಕೆ ಪಾತ್ರವಾಯಿತು. 1976ರಲ್ಲಿ ಅವರು ಕಣ್ಣು ಮುಚ್ಚಿದ್ದು ಮೀರಜದಲ್ಲಿ. ಮಹಾಭಾರತದಲ್ಲಿ ಯಯಾತಿಯ ಸಂಕಟ ಶಾಪದಿಂದ ತೊಡಗುತ್ತದೆ. ಖಾಂಡೇಕರರಲ್ಲಿ ಅದು ತೊಟ್ಟಿಲಿನಿಂದ ತೊಡಗುತ್ತದೆ. ತನ್ನ ಚೆಲುವು ಮಾಸೀತೆಂಬ ಭಯದಿಂದ ತಾಯಿಯು ತನಗೆ ಮೊಲೆಯೂಡಲಿಲ್ಲವೆಂಬುದನ್ನು ಬಾಲಕ ಯಯಾತಿಯು ತಿಳಿಯುತ್ತಾನೆ. ಆ ಒಂದು ಅರಿವು ಅವನ ಒಳಗೆ ತೆರೆದ ಹಸಿವನ್ನು ಮುಂದೆ ಯಾವ ಅರಮನೆಯೂ ಯಾವ ಸ್ತ್ರೀಯೂ ತುಂಬಲಾರರು. ಲೋಕವು ಭೋಗವೆಂದು ಕರೆದುದು ಅವನ ಮಟ್ಟಿಗೆ ಹಾಲಿಲ್ಲದ ಮಗುವಿನ ಹುಡುಕಾಟ. ದೇವಯಾನಿ, ಶರ್ಮಿಷ್ಠೆಯರಿಗೂ ಲೇಖಕರು ತಂತಮ್ಮ ಬಾಯಿಂದಲೇ ಕಥೆ ಹೇಳುವ ಅಧಿಕಾರವನ್ನು ಕೊಟ್ಟಿದ್ದಾರೆ; ಒಂದೇ ಕೆಲಸಕ್ಕೆ ಮೂವರು ಹೇಳುವ ಕಾರಣಗಳು ಮೂರು. ಭಾವೆಯವರ ರಂಗದಲ್ಲಿ ಒಬ್ಬನೇ ಇದ್ದ ಸೂತ್ರಧಾರನು ಇಲ್ಲಿ ಪ್ರತಿಯೊಂದು ಎದೆಯೊಳಗೂ ಸೇರಿಕೊಂಡನು.

ಈ ಕಥೆಯಲ್ಲಿ ವಿಯೆನ್ನಾಕ್ಕೂ ನಮಗೂ ಇರುವ ಭೇದವು ಸ್ಪಷ್ಟವಾಗಿ ಕಾಣಿಸುತ್ತದೆ. ಈಡಿಪಸನ ಕಥೆಯಲ್ಲಿ ಮಗನು ತಂದೆಯ ಆಯುಷ್ಯವನ್ನು ಕಸಿಯುತ್ತಾನೆ. ಯಯಾತಿಯ ಕಥೆಯಲ್ಲಿ ತಂದೆಯು ಮಗನ ತಾರುಣ್ಯವನ್ನು ಬೇಡುತ್ತಾನೆ, ಮಗನು ಕೊಡುತ್ತಾನೆ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು ಉತ್ತರ ಕರ್ನಾಟಕದ ಜನಪದ ಕಥೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್ನರು ಭಾರತೀಯ ಈಡಿಪಸನ ಬಗೆಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ತೋರಿಸಿದರು: ನಮ್ಮ ಕಥೆಗಳಲ್ಲಿ ಹಗೆಯ ಬಾಣವು ಹಿರಿಯನಿಂದ ಕಿರಿಯನ ಕಡೆಗೆ ಹಾರುತ್ತದೆ. ಗ್ರೀಕ್ ಕಥೆಯಲ್ಲಿಯೂ ಮೊದಲ ಪಾಪ ತಂದೆಯದೇ ಅಲ್ಲವೇ. ಹಸುಗೂಸಿನ ಕಾಲನ್ನು ಚುಚ್ಚಿ ಬೆಟ್ಟದಲ್ಲಿ ಎಸೆಯಿಸಿದವನು ಲಾಯಸ್. ಫ್ರಾಯ್ಡನ ಕಣ್ಣು ಮಗನ ಅಪರಾಧದ ಮೇಲೆಯೇ ನಿಂತಿತು. ಹರಿಪುರದ ದೇವಲರು ಮಾತ್ರ ಖಾಂಡೇಕರರ 'ಯಯಾತಿ'ಗಿಂತ ಅರುವತ್ತು ವರ್ಷ ಮೊದಲೇ ಭುಜಂಗನಾಥನನ್ನೂ ಕಾಂಚನಭಟ್ಟನನ್ನೂ ಎದುರಿಗೆ ನಿಲ್ಲಿಸಿ, ಎಳೆಯರ ಬಾಳನ್ನು ಉಣ್ಣುವ ಹಿರಿಯರ ಹಸಿವನ್ನು ಹೆಸರಿಸಿದ್ದರು. ಶಾರದೆಗೂ ಯಯಾತಿಯ ಮಗ ಪೂರುವಿಗೂ ಆದುದು ಒಂದೇ ಅನ್ಯಾಯ.

ಕರ್ಕಿಯಿಂದ ಸಾಂಗಲಿಗೆ ಹೋದ ಸಾಲವು ಕನ್ನಡಕ್ಕೆ ಹಿಂದಿರುಗಿದ ಬಗೆಯೂ ಸೋಜಿಗದ್ದು. ಖಾಂಡೇಕರರ ಕಾದಂಬರಿಯ ಹಿಂದೆಯೇ, ಅದರ ಹಂಗಿಲ್ಲದೆ, ಧಾರವಾಡದ ಇಪ್ಪತ್ತೆರಡರ ತರುಣ ಗಿರೀಶ ಕಾರ್ನಾಡರು ಅದೇ ದೊರೆಯ ಮೇಲೆ ನಾಟಕ ಬರೆದರು. ಮನೋಹರ ಗ್ರಂಥಮಾಲೆಯು 1961ರಲ್ಲಿ ಅದನ್ನು ಪ್ರಕಟಿಸಿತು. ಬರೆದುದು ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೊರಟು ನಿಂತ ದಿನಗಳಲ್ಲಿ. ಮಗ ಮರಳಿ ಬರುವನೋ ಇಲ್ಲವೋ ಎಂದು ಮನೆಯಲ್ಲಿ ಆತಂಕ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತಾನು ಏಕಾಏಕಿ ಕನ್ನಡದಲ್ಲಿ, ಅದೂ ಪುರಾಣದ ಕಥೆಯನ್ನು, ಅದೂ ನಾಟಕವಾಗಿ ಬರೆದುದು ತನಗೇ ಅಚ್ಚರಿಯಾಯಿತೆಂದೂ, ಹಿರಿಯರು ತನ್ನಿಂದ ಬೇಡುತ್ತಿದ್ದ ತ್ಯಾಗದ ಬಗೆಗೆ ತನ್ನೊಳಗಿದ್ದ ಕಹಿಯೇ ಪೂರುವಿನ ಕಥೆಯನ್ನು ಹುಡುಕಿಕೊಂಡಿತೆಂಬುದು ತನಗೆ ಹೊಳೆದದ್ದು ಆಮೇಲೆಂದೂ ಅವರು ಬರೆದಿದ್ದಾರೆ. ಬರೆಯುವ ಕೈಯನ್ನು ಹಿಡಿದ ಮತ್ತೊಂದು ಕೈ ಬರೆದವನಿಗೇ ಕಾಣಿಸಿರಲಿಲ್ಲ. ಆ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯು, ಗಂಡನ ತಾರುಣ್ಯವನ್ನು ತೆಗೆದುಕೊಂಡ ಮಾವನೆದುರು ನಿಂತು, ಆ ತಾರುಣ್ಯದ ಜೊತೆಗೆ ಬಂದ ಹೊಣೆಯನ್ನೂ, ಅಂದರೆ ತನ್ನನ್ನೂ, ಸ್ವೀಕರಿಸೆಂದು ಕೇಳುತ್ತಾಳೆ. ಉತ್ತರ ಸಿಗದೆ ವಿಷ ಕುಡಿಯುತ್ತಾಳೆ. ಯಯಾತಿಯ ಬೆನ್ನಿಗಿದ್ದ ಧರ್ಮ, ರಾಜ್ಯ, ಪ್ರಜಾಹಿತಗಳೆಂಬ ಎಲ್ಲ ಕಾರಣಗಳೂ ಆ ಶವದ ಮುಂದೆ ಒಮ್ಮೆಗೇ ಬಿದ್ದುಹೋಗುತ್ತವೆ. ಉಳಿಯುವುದು ಒಂದೇ, ಸಾಯಲಾರದ ಮುದುಕನ ಅಂಜಿಕೆ.

ಇಷ್ಟನ್ನು ತಿಳಿದು ನಮಗೇನು ಫಲವೆಂದು ಕೇಳಬಹುದು. ಮನೋರೋಗಗಳ ಬಗೆಗೆ ಕನ್ನಡದಲ್ಲಿ ತಿಳಿಯಾಗಿ ಬರೆದು, 'ಮನಮಂಥನ'ಕ್ಕಾಗಿ 1976ರಲ್ಲಿ ಅಕಾದೆಮಿಯ ಪುರಸ್ಕಾರವನ್ನು ಪಡೆದ ಡಾಕ್ಟರ್ ಎಂ. ಶಿವರಾಮರಂಥವರು ರೋಗಿಗಳಿಗೆ ಉಪಕಾರ ಮಾಡಿದರು. ನಿರೋಗಿಗಳೆಂದು ತಿಳಿದುಕೊಂಡಿರುವ ನಮ್ಮಂಥ ಮನೆಯ ಹಿರಿಯರಿಗೆ ಸಾಂಗಲಿಯ ಈ ಪರಂಪರೆಯೇ ವೈದ್ಯ. ಮಗನು ಯಾವ ವಿದ್ಯೆ ಕಲಿಯಬೇಕು, ಮಗಳು ಯಾರ ಕೈ ಹಿಡಿಯಬೇಕು, ಸೊಸೆ ಹೇಗೆ ನಡೆಯಬೇಕು ಎಂದು ನಾವು ಅಪ್ಪಣೆ ಕೊಡುವಾಗಲೆಲ್ಲ ನಮ್ಮ ನಾಲಿಗೆಯ ಮೇಲೆ ಅವರ ಹಿತವೆಂಬ ಮಾತೇ ಇರುತ್ತದೆ. ಆ ಮಾತು ಸುಳ್ಳೂ ಅಲ್ಲ. ಆದರೆ ಅದು ಮೀಟಿದ ತಂತಿಯ ಷಡ್ಜ ಮಾತ್ರ. ಮೀರಜದ ಆ ಕುಶಲಿಯಂತೆ ಒಂದು ನೂಲಿನಷ್ಟು ಎಡೆಕೊಟ್ಟು, ತಡೆದು, ಕಿವಿಗೊಟ್ಟರೆ, ಅದರೊಳಗಿಂದ ನಾವು ಮೀಟದ ಇನ್ನೊಂದು ಸ್ವರವೂ ಕೇಳಿಸೀತು. ಅದನ್ನು ಕೇಳಿದ ಮೇಲೆ ಅಪ್ಪಣೆಯನ್ನು ಕೊಡಬೇಕೋ ಬೇಡವೋ ಎಂಬುದನ್ನು ಯೋಚಿಸೋಣ.